ನೀರೆತ್ತುವ ವಿದ್ಯುತ್ತು, ನಗರದ ಆರೋಗ್ಯ

ಎಲ್ಲೋರದ ಕೈಲಾಸವನ್ನು ಕಂಡು ರಾಷ್ಟ್ರಕೂಟರನ್ನು ಸ್ಮರಿಸಿ ಮರಳುವ ಮುಂಬಯಿ ಕನ್ನಡಿಗರು, ತಾವು ಇಳಿದುಕೊಂಡ ನಗರದ ನಲ್ಲಿಗೆ ನೀರೆಲ್ಲಿಂದ ಬರುತ್ತದೆಂದು ವಿಚಾರಿಸುವುದು ವಿರಳ. 2023ರಿಂದ ಛತ್ರಪತಿ ಸಂಭಾಜಿನಗರವೆಂಬ ಹೆಸರು ಪಡೆದ ಔರಂಗಾಬಾದಿಗೆ ಬಹುಪಾಲು ನೀರು ಬರುವುದು ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕೆ, ಪೈಠಣದ ಬಳಿ ಗೋದಾವರಿಗೆ ಕಟ್ಟಿದ ಜಾಯಕವಾಡಿ ಜಲಾಶಯದಿಂದ. ಜಲಾಶಯ ತುಂಬಿದಾಗಲೂ ಅದರ ನೀರಿನ ಮಟ್ಟ ನಗರಕ್ಕಿಂತ ಸುಮಾರು 100 ಮೀಟರ್ ಕೆಳಗಿರುತ್ತದೆ. ಆದುದರಿಂದ ಅಲ್ಲಿ ಕುಡಿಯುವ ಪ್ರತಿಯೊಂದು ಲೋಟ ನೀರಿನಲ್ಲಿಯೂ ವಿದ್ಯುತ್ತಿನ ಬೆಲೆ ಅಡಗಿದೆ.

ಲೆಕ್ಕ ಕಠಿನವೇನಲ್ಲ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಸಿದ್ಧಾಂತದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟಾರುಗಳು ಹಳತಾಗಿ ದಕ್ಷತೆ ಶೇಕಡಾ 65ಕ್ಕೆ ಇಳಿದಿದ್ದರೆ 0.42 ಯೂನಿಟ್ ಬೇಕು. ಶೇಕಡಾ 80ರಷ್ಟಿದ್ದರೆ 0.34. ಕೊಳವೆಯೊಳಗಿನ ಘರ್ಷಣೆಯ ನಷ್ಟ ಬೇರೆ. ಒಂದು ನಗರ ದಿನಕ್ಕೆ 10 ಕೋಟಿ ಲೀಟರ್ ನೀರೆತ್ತುತ್ತದೆಂದೂ ಯೂನಿಟ್ಟಿನ ದರ 8 ರೂಪಾಯಿಯೆಂದೂ ಇಟ್ಟುಕೊಂಡರೆ, ಈ ವ್ಯತ್ಯಾಸವೊಂದೇ ವರ್ಷಕ್ಕೆ ಸುಮಾರು ಎರಡೂಕಾಲು ಕೋಟಿ ರೂಪಾಯಿಯಾಗುತ್ತದೆ. ಹೊಸ ಪಂಪುಗಳಿಗೆ ಪಡೆದ ಸಾಲದ ಕಂತನ್ನು ಈ ಉಳಿತಾಯದಿಂದಲೇ ತೀರಿಸಲು ಸಾಧ್ಯ. ಆದರೆ ಆಯವ್ಯಯ ಪತ್ರಿಕೆಯಲ್ಲಿ ವಿದ್ಯುತ್ ವೆಚ್ಚವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದರೆ ಈ ಸೋರಿಕೆ ಯಾರ ಕಣ್ಣಿಗೂ ಬೀಳದು. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂಬ ಅಂಕಣ ಮೊದಲು ಬೇಕು. ಒಡೆದ ಕೊಳವೆಯಿಂದ ಹರಿದುಹೋಗುವ ನೀರಿನೊಡನೆ ಅದನ್ನೆತ್ತಿದ ವಿದ್ಯುತ್ತೂ ಹರಿದುಹೋಗುತ್ತದೆ. ಸೌರಫಲಕಗಳ ಉದ್ಘಾಟನೆಗೆ ದೊರೆಯುವ ಹಾರ ತುರಾಯಿಗಳು ವಾಲ್ವಿನ ದುರಸ್ತಿಗೆ ದೊರೆಯುವುದಿಲ್ಲವೆಂಬುದು ಬೇರೆ ಮಾತು.

ಇದು ಕೇವಲ ಹಣದ ಪ್ರಶ್ನೆಯಲ್ಲ. ಹಲವು ದಿನಗಳಿಗೊಮ್ಮೆ ನೀರು ಬರುವ ಕಡೆ ಗೃಹಿಣಿಯರು ಪೀಪಾಯಿಗಳಲ್ಲಿ ತುಂಬಿಡುವುದು ಅನಿವಾರ್ಯ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಪೀಪಾಯಿಗೆ ಬಿಗಿಯಾದ ಮುಚ್ಚಳವಿರಬೇಕು, ವಾರಕ್ಕೊಮ್ಮೆ ಅದನ್ನು ಬರಿದುಮಾಡಿ ಒಳಗೋಡೆಯನ್ನು ಉಜ್ಜಬೇಕು. ಒತ್ತಡವಿಲ್ಲದೆ ಬರಿದಾದ ಕೊಳವೆಯೊಳಕ್ಕೆ ಬಿರುಕುಗಳ ಮೂಲಕ ಚರಂಡಿಯ ನೀರು ನುಗ್ಗುವುದರಿಂದ ಕಾಮಾಲೆ, ವಿಷಮಶೀತ ಜ್ವರಗಳ ಭಯವೂ ಉಂಟು.

ಅದೇ ಗೋದಾವರಿಯ ಮೇಲಣ ಹರಿವಿನಲ್ಲಿರುವ ನಾಸಿಕದಲ್ಲಿ ಕೊಳೆಯಿಂದಲೇ ವಿದ್ಯುತ್ತನ್ನು ಪಡೆಯುವ ಪ್ರಯತ್ನ ನಡೆಯಿತು. ಅಲ್ಲಿಯ ಮಹಾನಗರಪಾಲಿಕೆ ಜರ್ಮನಿಯ ನೆರವಿನಿಂದ ಕಟ್ಟಿಸಿದ, ದಿನಕ್ಕೆ 30 ಟನ್ ಸಾಮರ್ಥ್ಯದ ಸ್ಥಾವರ 2017ರಲ್ಲಿ ಆರಂಭವಾಯಿತು. ಹೋಟೆಲುಗಳಲ್ಲಿ ಉಳಿದ ಆಹಾರವನ್ನೂ ಸಾರ್ವಜನಿಕ ಶೌಚಾಲಯಗಳ ಮಲವನ್ನೂ ಬೆರೆಸಿ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿ, ಹುಟ್ಟುವ ಅನಿಲದಿಂದ ವಿದ್ಯುತ್ ಉತ್ಪಾದಿಸುವುದು ಅದರ ಕ್ರಮ. ಮಲದಲ್ಲಿ ಸತ್ತ್ವ ಮೊದಲೇ ಜೀರ್ಣವಾಗಿ ಹೋಗಿರುವುದರಿಂದ ಅನಿಲ ಕಡಿಮೆ. ಅನ್ನ ಪಲ್ಯಗಳಲ್ಲಿ ಹೆಚ್ಚು. ಬೆರೆಸುವುದು ಅದಕ್ಕಾಗಿಯೇ. ಆದರೆ ಹಸಿ ಕಸದೊಡನೆ ಪ್ಲಾಸ್ಟಿಕ್ ಬೆರೆತು ಬಂದರೆ ಇಂಥ ಯಾವ ಸ್ಥಾವರವೂ ಅರೆಹೊಟ್ಟೆಯಲ್ಲಿರಬೇಕಾಗುತ್ತದೆ. ಅಡುಗೆಮನೆಯಲ್ಲಿಯೇ ಕಸವನ್ನು ಬೇರ್ಪಡಿಸದೆ ಗತ್ಯಂತರವಿಲ್ಲ. ಸಂಸ್ಕರಿಸದ ಮಲ ಸಾಮಾನ್ಯವಾಗಿ ಹೋಗಿ ಸೇರುವುದು ಹಳ್ಳಕ್ಕೆ, ಅಲ್ಲಿಂದ ಹೊಳೆಗೆ. ನಾಸಿಕವನ್ನು ದಾಟಿದ ಹೊಳೆಯ ನೀರು ಪೈಠಣದಲ್ಲಿ ಜಾಯಕವಾಡಿಯನ್ನು ಸೇರಿ, ಅಲ್ಲಿಂದ ಮತ್ತೆ ಪಂಪುಗಳನ್ನೇರುತ್ತದೆ.