ರಾಜಕಾಲುವೆಯ ಮೀನುಗಳು

ಬೆಂಗಳೂರಿನ ಸುತ್ತಮುತ್ತ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರನ್ನೊಯ್ಯುವ ಕಾಲುವೆಗಳಿಗೆ ರಾಜಕಾಲುವೆಗಳೆಂದು ಹೆಸರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಾದ ನೀರು ಈ ಮಾರ್ಗವಾಗಿ ಕೆಳಗಣ ಕೆರೆಯನ್ನು ಸೇರುತ್ತದೆ. ನೀರಿನೊಡನೆ ಮೀನುಗಳೂ ಪ್ರಯಾಣ ಮಾಡುತ್ತವೆ. ಆದುದರಿಂದ ಎರೆಹುಳುವನ್ನು ಕೊಕ್ಕೆಗೆ ಸಿಕ್ಕಿಸಿ, ಗಾಳ ಹಾಕಿ ಕುಳಿತವನಿಗೆ ಇಷ್ಟು ಚಿಕ್ಕ ಕಾಲುವೆಯಲ್ಲಿಯೂ ಮೀನು ದೊರೆಯುವುದು ಆಶ್ಚರ್ಯವಲ್ಲ. ಆದರೆ ದೊರೆತ ಮೀನು ಯಾವ ಜಾತಿಯದೆಂದು ಗುರುತಿಸಬಲ್ಲವನು ಆ ನೀರಿನ ಸ್ಥಿತಿಯನ್ನೂ ಬಹುಮಟ್ಟಿಗೆ ಊಹಿಸಬಲ್ಲನು. ಇದು ಹೇಗೆ ಸಾಧ್ಯವೆಂಬುದನ್ನು ಇಲ್ಲಿ ವಿಚಾರಿಸೋಣ.

ನೀರಿನಲ್ಲಿ ಕರಗಿದ ಉಸಿರು

ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರು ಸಿಹಿನೀರಿನಲ್ಲಾದರೋ, 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗಿರಬಲ್ಲುದು ಸುಮಾರು 9 ಮಿಲಿಗ್ರಾಂ ಮಾತ್ರ. 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಇವು ಸಮುದ್ರಮಟ್ಟದ ಲೆಕ್ಕಗಳು. ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ.

ಈ ಅಲ್ಪ ಸಂಪತ್ತನ್ನೇ ಮೀನು ತನ್ನ ಕಿವಿರುಗಳಿಂದ ಹೀರಿಕೊಳ್ಳಬೇಕು. ಕಾಟ್ಲಾ, ರೋಹು ಮೊದಲಾದ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕು. ಅದು 3 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅವು ಸಂಕಟಪಡುತ್ತವೆ.

ಹಗಲಿನಲ್ಲಿ ಜಲಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ನೀರಿಗೆ ಕೊಡುತ್ತವೆ. ರಾತ್ರಿ ಬೆಳಕಿಲ್ಲದುದರಿಂದ ಕೊಡುವುದು ನಿಲ್ಲುತ್ತದೆ. ಸಸ್ಯ, ಪ್ರಾಣಿ, ಸೂಕ್ಷ್ಮಾಣುಜೀವಿಗಳೆಲ್ಲ ಉಸಿರಾಡುವುದು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನ ಆಮ್ಲಜನಕ ಅತ್ಯಂತ ಕಡಿಮೆಯಾಗಿರುತ್ತದೆ.

ಗಾಳಿ ಕುಡಿಯುವ ಮೀನುಗಳು

ಕೆಲವು ಮೀನುಗಳು ಈ ಕಷ್ಟವನ್ನು ಬೇರೆ ರೀತಿಯಲ್ಲಿ ನೀಗಿಕೊಂಡಿವೆ. ಕೊರವ ಮೀನಿನ ತಲೆಯಲ್ಲಿ, ಕಿವಿರುಗಳ ಮೇಲುಗಡೆ, ಗಾಳಿಯನ್ನು ತುಂಬಿಕೊಳ್ಳುವ ಕೋಣೆಗಳಿವೆ. ಬೆಳೆದ ಕೊರವವನ್ನು ನೀರಿನ ಮೇಲ್ಮೈಗೆ ಬರದಂತೆ ತಡೆದರೆ ಅದು ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ! ಚೇಳುಮೀನಿಗೆ ಕಿವಿರಿನ ಕೋಣೆಯಿಂದ ಬಾಲದ ಕಡೆಗೆ ಚಾಚಿದ ಎರಡು ಗಾಳಿಚೀಲಗಳಿವೆ. ಅದರ ಈಜುರೆಕ್ಕೆಯ ಮುಳ್ಳಿನಲ್ಲಿ ವಿಷವಿರುವುದರಿಂದ ಗಾಳದಿಂದ ಬಿಡಿಸುವವರು ಎಚ್ಚರದಿಂದಿರಬೇಕು.

1952ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯಾ, ಅಂದರೆ ನಮ್ಮ ಜನರ ಜಿಲೇಬಿ ಮೀನು, ಇವೆರಡಕ್ಕಿಂತ ಭಿನ್ನ. ಅದಕ್ಕೆ ಗಾಳಿಯ ಕೋಣೆಯಿಲ್ಲ. ಗಾಳಿಗೆ ತಗುಲಿರುವ ತೆಳುವಾದ ಮೇಲ್ಪದರದಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ, ಕಷ್ಟಕಾಲದಲ್ಲಿ ಅದು ಆ ಪದರದ ನೀರನ್ನೇ ಕಿವಿರುಗಳ ಮೇಲೆ ಹರಿಯಿಸಿಕೊಳ್ಳುತ್ತದೆ.

ಕೊಳಚೆಯ ಪರಿಣಾಮ

ಮನೆಗಳ ಕೊಳಚೆ ಕಾಲುವೆಗೆ ಸೇರಿತೆನ್ನೋಣ. ಅದರಲ್ಲಿರುವ ಸಾವಯವ ಪದಾರ್ಥವನ್ನು ತಿಂದು ಸೂಕ್ಷ್ಮಾಣುಜೀವಿಗಳು ಅಪಾರವಾಗಿ ವೃದ್ಧಿಯಾಗುತ್ತವೆ. ಅವುಗಳ ಉಸಿರಾಟಕ್ಕೆ ನೀರಿನ ಆಮ್ಲಜನಕವು ವ್ಯಯವಾಗುತ್ತದೆ. ಮೊದಲು ಗೆಂಡೆಗಳು ಇಲ್ಲವಾಗುತ್ತವೆ. ಬಳಿಕ ಜಿಲೇಬಿ ಕೆಲವು ಕಾಲ ಉಳಿದೀತು. ಕೊನೆಗೆ ಗಾಳಕ್ಕೆ ಬೀಳುವುವು ಗಾಳಿ ಕುಡಿಯುವ ಮೀನುಗಳು ಮಾತ್ರ.

ಬೇಸಗೆಯ ಬಳಿಕ ಬರುವ ಮೊದಲ ಮಳೆ ಮೀನುಗಳಿಗೆ ಹಿತಕರವೆಂದು ನಾವು ಭಾವಿಸುತ್ತೇವೆ. ಆದರೆ ಕಾಲುವೆಯ ತಳದಲ್ಲಿ ತಿಂಗಳುಗಟ್ಟಲೆ ಸಂಗ್ರಹವಾದ ಹೊಲಸನ್ನು ಅದು ಒಮ್ಮೆಗೇ ಕದಡಿ ಕೆರೆಗೆ ಒಯ್ಯುವುದರಿಂದ ಕೆಲವು ವೇಳೆ ಅದೇ ಮೃತ್ಯುವಾಗುವುದುಂಟು. 2016ರ ಮಾರ್ಚ್ ತಿಂಗಳಿನಲ್ಲಿ, ಬೇಸಗೆಯ ಆರಂಭದಲ್ಲಿಯೇ, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೊಳಚೆ ಸೇರುವ ಕೆರೆಗೆ ಇಂತಹ ವಿಪತ್ತು ಯಾವ ಋತುವಿನಲ್ಲಿಯೂ ಬರಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. “ಮೀನು ಬದುಕಿದೆ, ಆದುದರಿಂದ ನೀರು ಒಳ್ಳೆಯದು” ಎಂದು ಹಲವರು ವಾದಿಸುತ್ತಾರೆ. ಬದುಕಿರುವುದು ಕೊರವವಾದರೆ ಈ ವಾದ ನಿಲ್ಲಲಾರದು, ಏಕೆಂದರೆ ಅದಕ್ಕೆ ಬೇಕಾದ ಉಸಿರು ಮೇಲಣ ಗಾಳಿಯಿಂದ ಬರುತ್ತದೆ. ಕಾರ್ಖಾನೆಗಳ ತ್ಯಾಜ್ಯ ಸೇರಿದ ನೀರಿನಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳು ಮೀನಿನ ದೇಹದಲ್ಲಿ ಸಂಗ್ರಹವಾಗಬಹುದು. ಬೇಯಿಸುವುದರಿಂದ ರೋಗಾಣುಗಳು ಸಾಯುತ್ತವೆ, ಲೋಹಗಳು ನಾಶವಾಗುವುದಿಲ್ಲ. ಆದುದರಿಂದ ಕೊಳಚೆ ಹರಿಯುವ ಕಾಲುವೆಯಲ್ಲಿ ಹಿಡಿದ ಮೀನು, ಎಷ್ಟೇ ಚುರುಕಾಗಿ ಕಂಡರೂ, ಊಟಕ್ಕೆ ತಕ್ಕುದಲ್ಲ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ

ನಿಮ್ಮ ಊರಿನ ಕಾಲುವೆಯನ್ನು ಒಂದು ತಿಂಗಳ ಕಾಲ, ಸುರಕ್ಷಿತವಾದ ಸೇತುವೆಯ ಮೇಲೆ ನಿಂತು, ಬೆಳಗಿನ ಜಾವದಲ್ಲಿಯೂ ಮಧ್ಯಾಹ್ನದಲ್ಲಿಯೂ ಗಮನಿಸಿರಿ. ಗಾಳಿಯ ಉಷ್ಣತೆ, ನೀರಿನ ಬಣ್ಣ, ವಾಸನೆ, ಮಳೆ, ಗಾಳದವರಿಗೆ ದೊರೆತ ಮೀನಿನ ಜಾತಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮೀನುಗಳು ಮೇಲಕ್ಕೆ ಬರುವ ರೀತಿಯನ್ನು ವಿಶೇಷವಾಗಿ ನೋಡಿರಿ. ಕೊರವ ಒಂದೊಂದಾಗಿ ಬಂದು, ಒಂದು ಗುಟುಕು ಗಾಳಿ ಕುಡಿದು, ತಟ್ಟನೆ ಮುಳುಗುತ್ತದೆ. ಇದು ಅದರ ಸಹಜ ಸ್ವಭಾವ. ಗೆಂಡೆಗಳು ಗುಂಪುಗೂಡಿ, ಬಾಯಿ ತೆರೆದುಕೊಂಡು, ಮುಳುಗದೆ ಮೇಲೆಯೇ ನಿಂತಿದ್ದರೆ ಅದು ಸಂಕಟದ ಲಕ್ಷಣ. ಅಂತಹ ದಿನ ಗಾಳವನ್ನು ಸುತ್ತಿಟ್ಟು, ನೀರು ಕೆಡುತ್ತಿರುವ ಸಂಗತಿಯನ್ನು ಸ್ಥಳೀಯ ಅಧಿಕಾರಿಗಳಿಗೆ ತಿಳಿಸುವುದು ದಡದಲ್ಲಿರುವವರ ಕರ್ತವ್ಯ.