ಕೈ ನಡುಗಿದರೂ ಫೋಟೊ ನಡುಗದಿರಲಿ

ದ್ರಾಕ್ಷಿ ಎಲೆ ಮೇಲೆ ಬೂದಿ ರೋಗ ಕಂಡಿತು, ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸಬೇಕು. ಚಕ್ಕೋತ ಹಣ್ಣು ಕೊಯ್ದಾಯಿತು, ಬೆಂಗಳೂರಿನ ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ತೋರಿಸಬೇಕು. ಬೂದಿಗೆರೆ ಕಡೆಯವರಿಗೆ ಇವೆಲ್ಲ ನಿತ್ಯದ ಕೆಲಸ. ಫೋಟೊ ಮಸುಕಾದರೆ ರೋಗವೂ ತಿಳಿಯದು, ಹಣ್ಣೂ ಹೋಗದು. ಫೋನ್ ಅಲುಗದಂತೆ ಹಿಡಿದಿಡಲು ಒಂದು ಸ್ಟ್ಯಾಂಡ್ ಬೇಕು; ಅದಕ್ಕೆ ಬೇಕಾದ ಸಾಮಾನೆಲ್ಲ ಮನೆ ಹಿತ್ತಲಲ್ಲೇ ಇದೆ.

1. ಮೊದಲು ಲೆನ್ಸ್ ಒರೆಸಿ. ಜೇಬಿನ ಜಿಡ್ಡು ಕೂತಿದ್ದರೆ ಯಾವ ಸ್ಟ್ಯಾಂಡೂ ಕಾಪಾಡದು.

2. ರಾಗಿ ಚೀಲ ಹೊಲಿಯಿರಿ. ಕಾಡಿನಲ್ಲಿ ಫೋಟೊ ತೆಗೆಯುವವರು ಜೀಪಿನ ಕಿಟಕಿ ಮೇಲೆ ಕಾಳಿನ ಚೀಲವಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸುತ್ತಾರೆ. ನಮಗೆ ರಾಗಿಯೇ ಸಾಕು. ಕಾಳು ಸಣ್ಣದು, ಒತ್ತಿದ ಕಡೆ ಒತ್ತಿದಂತೆ ಕೂರುತ್ತದೆ, ಹುಳವೂ ಬೇಗ ಹಿಡಿಯದು. ಹಳೇ ಪ್ಯಾಂಟಿನ ಕಾಲನ್ನು ಒಂದು ಗೇಣು ಕತ್ತರಿಸಿ, ಒಂದು ತುದಿ ಹೊಲಿದು, ಸುಮಾರು ಒಂದು ಕೆಜಿ ರಾಗಿ ಸುರಿದು ಇನ್ನೊಂದು ತುದಿಯನ್ನೂ ಹೊಲಿಯಿರಿ. ಬಿಗಿಯಾಗಿ ತುಂಬಬೇಡಿ, ಮುಕ್ಕಾಲು ಸಾಕು. ಉಬ್ಬಿದ ಚೀಲದ ಮೇಲೆ ಫೋನ್ ಜಾರುತ್ತದೆ.

3. ಪೈಪಿನ ತುಂಡು ಹುಡುಕಿ. ಒಂದೂವರೆ ಇಂಚಿನ ಪಿವಿಸಿ ಪೈಪು, ಐದಾರು ಇಂಚು ಉದ್ದ. ತೋಟದ ಮೂಲೆಯಲ್ಲಿ ಬಿದ್ದಿರುತ್ತದೆ. ಉದ್ದಕ್ಕೂ ಎರಡು ಗೆರೆ ಎಳೆದು ಆಕ್ಸಾ ಬ್ಲೇಡಿನಿಂದ ಸೀಳಿ ನಡುವಿನ ಪಟ್ಟಿ ತೆಗೆಯಿರಿ. ಸೀಳಿನ ಅಗಲ ಕವರ್ ಸಮೇತ ನಿಮ್ಮ ಫೋನಿನ ದಪ್ಪಕ್ಕಿಂತ ಒಂದು ನೂಲು ಹೆಚ್ಚಿರಲಿ. ಅಂಚನ್ನು ಮರಳು ಕಾಗದದಿಂದ ಉಜ್ಜಿ, ಹಳೇ ಸೈಕಲ್ ಟ್ಯೂಬಿನ ಚೂರು ಅಂಟಿಸಿ.

4. ಪೈಪನ್ನು ರಾಗಿ ಚೀಲದ ಮೇಲೆ ಮಲಗಿಸಿ, ಫೋನನ್ನು ಅಡ್ಡಲಾಗಿ ಸೀಳಿಗೆ ಇಳಿಸಿ. ಪೈಪು ಹೊರಳಿಸಿದಂತೆ ಕೋನ ಬದಲಾಗುತ್ತದೆ. ಚೀಲ ಹಿಡಿದ ಹಿಡಿತ ಬಿಡುವುದಿಲ್ಲ. ಕ್ಯಾಮೆರಾ ಮೇಲ್ಗಡೆ ಬರಲಿ. ಬಟನ್ ಕೆಳಗೆ ಸಿಕ್ಕಿಕೊಂಡರೆ ಫೋಟೊ ಬದಲು ಫೋನೇ ಆಫ್.

5. ಬೆರಳು ದೂರ! ಇಷ್ಟೆಲ್ಲ ಮಾಡಿ ಕೊನೆಗೆ ಪರದೆ ಕುಟ್ಟಿದರೆ ಅಷ್ಟೂ ದಂಡ. ಸಂಜೆ ಬೆಳಕಲ್ಲಿ ಫೋನಿನ ಶಟರ್ 1/10 ಸೆಕೆಂಡ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ತೆರೆದಿರುತ್ತದೆ; ಅಷ್ಟರಲ್ಲಿ ಬೆರಳಿನ ತಟ್ಟು ಫೋಟೊ ಕೆಡಿಸಲು ಧಾರಾಳ ಸಾಕು. 3 ಸೆಕೆಂಡ್ ಟೈಮರ್ ಇಟ್ಟು ಕೈ ಹಿಂದೆ ತೆಗೆಯಿರಿ. ವೈರಿನ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಬಟನ್ ಒತ್ತಿ ನೋಡಿ, ಬಹಳಷ್ಟು ಫೋನುಗಳಲ್ಲಿ ಅದೇ ಶಟರ್. ನನ್ನನ್ನು ಕೇಳಿದರೆ, ಸ್ಟ್ಯಾಂಡ್‌ಗಿಂತ ಈ ಟೈಮರೇ ದೊಡ್ಡದು.

6. ಜಾಗ ನೋಡಿ ಇಡಿ. ರಸ್ತೆ ಪಕ್ಕದ ಕಾಂಪೌಂಡ್ ಗೋಡೆ ಗಟ್ಟಿ ಎಂದು ನಂಬಬೇಡಿ. ಟಿಪ್ಪರ್ ಹೋದರೆ ಅದೂ ಅದುರುತ್ತದೆ. ಚಪ್ಪಡಿ ಕಲ್ಲು ಮೇಲು.

7. ಸ್ಟ್ಯಾಂಡ್ ಹಿಡಿದಿಡುವುದು ಫೋನನ್ನು, ಎದುರಿಗಿರುವುದನ್ನಲ್ಲ. 19ನೇ ಶತಮಾನದ ಸ್ಟುಡಿಯೋಗಳಲ್ಲಿ ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಎಲೆಗಾದರೆ ಬಟ್ಟೆ ಕ್ಲಿಪ್ಪು ಸಾಕು. ಮಗುವಾದರೆ ಶಟರ್ ಬೇಗ ಮುಚ್ಚುವಂತೆ ಬಿಸಿಲಿಗೆ ಕರೆತನ್ನಿ, ಬೇರೆ ದಾರಿಯಿಲ್ಲ.

8. ರಾತ್ರಿ ತಾರಸಿಗೆ ಹೋಗಿ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಐಎಸ್‌ಒ 100, ಶಟರ್ 10 ಸೆಕೆಂಡ್ ಇಟ್ಟು ಉತ್ತರಕ್ಕೆ ತಿರುಗಿಸಿ. 2008ರಲ್ಲಿ ಶುರುವಾದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ಬೆಳಕಿನ ಗೆರೆಯಾಗಿ ಬೀಳುತ್ತದೆ. ಗೆರೆ ಅಂಕುಡೊಂಕಾಗಿದ್ದರೆ ಫೋನ್ ಅಲುಗಿದೆ ಎಂದೇ ಲೆಕ್ಕ. ಸ್ಟ್ಯಾಂಡಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆಯಿಲ್ಲ.

9. ನಿಂತ ಎತ್ತರದಲ್ಲಿ ಮದುವೆ, ನಾಮಕರಣ ತೆಗೆಯಬೇಕೇ? ಆಗ ಅಂಗಡಿಯಿಂದ ಟ್ರೈಪಾಡೇ ತನ್ನಿ. ರಾಗಿ ಚೀಲ ಅದರ ಕಾಲಿಗೆ ಭಾರ ಕಟ್ಟಲು ಬರುತ್ತದೆ.