ಥೀಮ್ ಪಾರ್ಕಲ್ಲಿ ಫೋಟೋ: 340 ಕ್ಲಿಕ್ ಮಾಡಿ ಕಲಿತ ಪಾಠ

ಹೋದ ವರ್ಷ ನಮ್ಮ ಸೆಕ್ಷನ್‌ನವರೆಲ್ಲ ಸೇರಿ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿದ್ವಿ. ಮೈಸೂರು ರಸ್ತೆಯಲ್ಲಿ, ಬೆಂಗಳೂರಿಂದ ಸುಮಾರು 28 ಕಿಲೋಮೀಟರ್. 2005ರಿಂದ ಅಲ್ಲಿದೆ, ಅಂದ್ರೆ ನಮ್ಮಲ್ಲಿ ಬಹಳ ಜನಕ್ಕಿಂತ ವಯಸ್ಸಲ್ಲಿ ದೊಡ್ಡದು. ನನ್ನ ಫೋನಲ್ಲಿ ಆ ಒಂದೇ ದಿನದ 340 ಫೋಟೋ ಇದ್ದವು. ರಾತ್ರಿ ಬಸ್ಸಲ್ಲೇ ಎಲ್ಲವನ್ನೂ ಗ್ರೂಪಿಗೆ ಹಾಕಿದೆ, ಎಲ್ಲರೂ ಬೆಂಕಿ ಎಮೋಜಿ ಹಾಕಿದ್ರು, ಮುಗೀತು.

ಆರು ತಿಂಗಳಾದ ಮೇಲೆ ಅದರಲ್ಲಿ ಒಂದು ಫೋಟೋ ಬೇಕಾಯ್ತು. ನಮ್ಮ ಜೊತೆ ಒಬ್ಬ ಇದ್ದ, ಮೊದಲ ವರ್ಷ ಮುಗಿದ ಮೇಲೆ ಮನೆ ಕಾರಣಕ್ಕೆ ಕಾಲೇಜ್ ಬಿಟ್ಟು ಊರಿಗೆ ಹೋದ, ಈಗ ಅಪ್ಪನ ಅಂಗಡಿ ನೋಡ್ಕೋತಾನೆ. ಅವನ ಅಮ್ಮ ಕೇಳಿದ್ರಂತೆ, "ಹಾಸ್ಟೆಲ್ ಹುಡುಗರ ಜೊತೆ ಇರೋ ಒಂದು ಫೋಟೋ ಕಳಿಸೋಕೆ ಹೇಳು, ಫ್ರೇಮ್ ಹಾಕಿಸ್ತೀನಿ" ಅಂತ. ನಾನು 340 ಫೋಟೋಗಳನ್ನೂ ತಿರುವಿ ಹಾಕಿದೆ. ಅವನು ಇದ್ದದ್ದು ಎರಡರಲ್ಲಿ. ಒಂದರಲ್ಲಿ ಕಣ್ಣು ಮುಚ್ಚಿದ್ದಾನೆ. ಇನ್ನೊಂದು ಗೇಟ್ ಮುಂದೆ ತೆಗೆದ ಗ್ರೂಪ್ ಫೋಟೋ, ಅದರ ಎಡತುದಿಯಲ್ಲಿ ಅವನು.

ಕಾರಣ ಸಿಂಪಲ್. ಅವನಿಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ. ನಾವು ಲಾಕರ್ ದುಡ್ಡು ಉಳಿಸೋಕೆ ಎಲ್ಲ ಬ್ಯಾಗು, ಎಲ್ಲ ಫೋನು ಅವನ ಕೈಗೆ ಕೊಟ್ಟು ರೈಡ್ ಹತ್ತಿದ್ವಿ. ಅವನು ಕೆಳಗೆ ನಿಂತು ನಮ್ಮ ಫೋಟೋ ತೆಗೆದ. ಆ 340ರಲ್ಲಿ ಚೆನ್ನಾಗಿರೋ ಅರ್ಧ ಫೋಟೋ ಅವನು ತೆಗೆದವೇ. ಅವನದನ್ನ ತೆಗೆಯೋಕೆ ಯಾರಿಗೂ ಹೊಳೀಲಿಲ್ಲ.

ಅದಾದ ಮೇಲೆ ನಾನು ಸ್ವಲ್ಪ ಕೂತು ಓದಿದೆ, ಲೆಕ್ಕ ಹಾಕಿದೆ, ಈ ಫೆಬ್ರವರಿಯಲ್ಲಿ ಮತ್ತೊಂದು ಸಲ ಹೋಗಿ ಟ್ರೈ ಮಾಡಿದೆ. ಅದನ್ನ ಇಲ್ಲಿ ಬರೀತಿದ್ದೀನಿ. ಡಿಎಸ್‌ಎಲ್‌ಆರ್ ಇರೋರು ಈ ಲೇಖನ ಬಿಟ್ಟು ಮುಂದಿನ ಪುಟಕ್ಕೆ ಹೋಗಬಹುದು, ಇದು ಫೋನಿನವರಿಗೆ.

ಮೊದಲು ಆ ಗ್ರೂಪ್ ಫೋಟೋ ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂತ ನೋಡೋಣ. ಫೋನಿನ ಮೇನ್ ಕ್ಯಾಮೆರಾ ಸಾಮಾನ್ಯವಾಗಿ 24 ಮಿಲಿಮೀಟರ್ ಲೆನ್ಸಿನಷ್ಟು ಅಗಲ ನೋಡುತ್ತೆ. ಅಡ್ಡ ಹಿಡಿದ್ರೆ ನೀವು ನಿಂತ ದೂರದ ಸುಮಾರು 1.44 ಪಟ್ಟು ಅಗಲ ಫ್ರೇಮಲ್ಲಿ ಬರುತ್ತೆ. ಸೆಕ್ಯುರಿಟಿ ಅಣ್ಣನ ಕೈಗೆ ಫೋನ್ ಕೊಟ್ಟಾಗ ಅವರು 8 ಮೀಟರ್ ದೂರ ಹೋಗಿ ನಿಂತಿದ್ರು ಅಂತ ಇಟ್ಕೊಳ್ಳಿ. ಆಗ ಫ್ರೇಮಿನ ಅಗಲ 11.5 ಮೀಟರ್. ಫೋಟೋ 4000 ಪಿಕ್ಸೆಲ್ ಅಗಲ ಇದ್ರೆ ಒಂದು ಪಿಕ್ಸೆಲ್ ಅಂದ್ರೆ ಸುಮಾರು 2.9 ಮಿಲಿಮೀಟರ್. ಮನುಷ್ಯನ ಮುಖ 16 ಸೆಂಟಿಮೀಟರ್ ಅಗಲ ಅಂತ ತಗೊಂಡ್ರೆ ಸಿಗೋದು 55 ಪಿಕ್ಸೆಲ್. ಅದನ್ನ ನಾನು ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿ, ಒರಿಜಿನಲ್ ಡಿಲೀಟ್ ಮಾಡಿದ್ದೆ. ಅಲ್ಲಿ ಉದ್ದದ ಬದಿ 1600 ಪಿಕ್ಸೆಲ್ಲಿಗೆ ಕುಗ್ಗಿತ್ತು. ಅಂದ್ರೆ ಅವನ ಮುಖಕ್ಕೆ ಉಳಿದದ್ದು 22 ಪಿಕ್ಸೆಲ್. ಇಪ್ಪತ್ತೆರಡು! ಕೀಬೋರ್ಡಲ್ಲಿರೋ ಎಮೋಜಿಗೆ ಇದಕ್ಕಿಂತ ಜಾಸ್ತಿ ಇರುತ್ತೆ.

ಅದೇ 1.5 ಮೀಟರ್ ದೂರದಿಂದ ತೆಗೆದಿದ್ರೆ ಸುಮಾರು 295 ಪಿಕ್ಸೆಲ್ ಸಿಗ್ತಿತ್ತು. ಪ್ರಿಂಟ್ ಹಾಕಿಸೋಕೆ ಧಾರಾಳ. ಝೂಮ್ ಮಾಡಿದ್ರೆ ಆಯ್ತಲ್ಲ ಅಂತ ಕೇಳಬೇಡಿ, ಟೆಲಿ ಲೆನ್ಸ್ ಇಲ್ಲದ ಫೋನಲ್ಲಿ ಝೂಮ್ ಅಂದ್ರೆ ಬರೀ ಕ್ರಾಪ್. ಕಾಲೇ ಝೂಮ್. ಇನ್ನು 0.5 ಅನ್ನೋ ಅಲ್ಟ್ರಾವೈಡ್ ಬಟನ್ ಅಂತೂ ಗ್ರೂಪ್ ಫೋಟೋದ ಶತ್ರು. ಮುಖಗಳು ಇನ್ನೂ ಅರ್ಧ ಆಗುತ್ತವೆ, ತುದಿಯಲ್ಲಿ ನಿಂತವರು ರಬ್ಬರ್ ಎಳೆದ ಹಾಗೆ ಅಗಲ ಆಗ್ತಾರೆ. ಜನ ಜಾಸ್ತಿ ಇದ್ರೆ ಒಂದೇ ಸಾಲಲ್ಲಿ ನಿಲ್ಲಿಸೋ ಬದಲು ಮೆಟ್ಟಿಲ ಮೇಲೆ ಮೂರು ಸಾಲು ಕೂರಿಸಿ, ನೀವು ಹತ್ತಿರ ಬನ್ನಿ. ತುಂಬಾ ಹತ್ತಿರಾನೂ ಬೇಡ, ಸೆಲ್ಫಿ ದೂರದಲ್ಲಿ ಎಲ್ಲರ ಮೂಗೂ ಒಂದು ಸೈಜ್ ದೊಡ್ಡದಾಗುತ್ತೆ.

ಎರಡನೇದು ಬೆಳಕು. ನಾವೆಲ್ಲ ಫೋಟೋ ತೆಗೆಯೋದು ಮಧ್ಯಾಹ್ನ 12ರಿಂದ 2, ಯಾಕಂದ್ರೆ ಆಗ ಎಲ್ಲರೂ ಇನ್ನೂ ಫ್ರೆಶ್ ಆಗಿರ್ತಾರೆ. ಅದೇ ಅತ್ಯಂತ ಕೆಟ್ಟ ಹೊತ್ತು. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೇ ವಾರದಲ್ಲಿ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ದಿನ ಸೂರ್ಯ ಕರೆಕ್ಟಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತ ಸೈನ್ಸ್ ಕ್ಲಬ್‌ನವರು ಕೋಲು ನೆಟ್ಟು ತೋರಿಸ್ತಾರಲ್ಲ, ಅದೇ. ಕೋಲಿನ ನೆರಳು ಮಾಯ ಆಗುತ್ತೆ, ಆದರೆ ಹುಬ್ಬಿನ ನೆರಳು ಸೀದಾ ಕಣ್ಣೊಳಗೆ ಬೀಳುತ್ತೆ. ಎಲ್ಲರೂ ಮೂರು ದಿನ ನಿದ್ದೆ ಇಲ್ಲದ ಎಕ್ಸಾಂ ಮುಖ. ಡಿಸೆಂಬರಲ್ಲಿ ಹೋದ್ರೆ ಮಧ್ಯಾಹ್ನ ಕೂಡ ಸೂರ್ಯ ಸುಮಾರು 55 ಡಿಗ್ರಿಗಿಂತ ಮೇಲೆ ಹೋಗಲ್ಲ, ಸ್ವಲ್ಪ ಪರವಾಗಿಲ್ಲ.

ಹಾಗಾದ್ರೆ ಮಧ್ಯಾಹ್ನ ಏನು ಮಾಡೋದು? ಕ್ಯೂನಲ್ಲಿ ತೆಗೀರಿ. ಇದು ನನಗೆ ಎರಡನೇ ಸಲ ಹೋದಾಗ ಹೊಳೆದದ್ದು, ಈ ಇಡೀ ಲೇಖನದಲ್ಲಿ ಒಂದೇ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ರೈಡಿನ ಕ್ಯೂಗೆ ಮೇಲೆ ಶೀಟ್ ಇರುತ್ತೆ, ಬದಿ ತೆರೆದಿರುತ್ತೆ. ಶೀಟಿನ ಅಂಚಲ್ಲಿ ನಿಂತವರ ಮೇಲೆ ನೇರ ಬಿಸಿಲಿಲ್ಲ, ಹೊರಗಿನ ಆಕಾಶದ ಬೆಳಕು ಮಾತ್ರ ಪಕ್ಕದಿಂದ ಮೆತ್ತಗೆ ಬರುತ್ತೆ. ಸ್ಟುಡಿಯೋದಲ್ಲಿ ದೊಡ್ಡ ಬಿಳಿ ಡಬ್ಬ ಇಟ್ಟು ಮಾಡೋದೂ ಇದೇ. ಆ ಅಂಚಿಗೆ ಬಂದಾಗ ಮುಖ ಹೊರಗಡೆ ತಿರುಗಿಸೋಕೆ ಹೇಳಿ, ನೀವು ಹೊರಬದಿಯಲ್ಲಿ ನಿಂತು ತೆಗೀರಿ. ಬೆಳಕಿಗಿಂತ ಮುಖ್ಯ ಇನ್ನೊಂದು, ಮುಖಭಾವ. ರೈಡ್ ನಡೆಯೋದು ಎರಡೋ ಮೂರೋ ನಿಮಿಷ, ಕ್ಯೂ ಮುಕ್ಕಾಲು ಗಂಟೆ. ಅಷ್ಟು ಹೊತ್ತಲ್ಲಿ ಒಬ್ಬ ಧೈರ್ಯ ಕೊಚ್ಚಿಕೊಳ್ತಾನೆ, ಒಬ್ಬಳು ಮೊದಲ ಸೀಟ್ ಬೇಡ ಅಂತ ಹಿಂದಕ್ಕೆ ಸರಿದು ಸರಿದು ಕ್ಯೂನಿಂದಲೇ ಹೊರಗೆ ಬರ್ತಾಳೆ, ಇನ್ನೊಬ್ಬ ದೇವರ ಹೆಸರು ಹೇಳ್ತಿರ್ತಾನೆ. ಕಥೆ ಇರೋದು ಅಲ್ಲೇ. ಇಳಿದು ಬರೋ ಗೇಟೂ ಹಾಗೇ, ಕೂದಲು ಕೆದರಿರುತ್ತೆ, ಯಾರಿಗೂ ಪೋಸ್ ಕೊಡೋ ಶಕ್ತಿ ಇರಲ್ಲ. ಆ ಗೇಟಿನ ಹೊರಗೆ ನಿಂತು ಹತ್ತು ಸೆಕೆಂಡ್ ಬರ್ಸ್ಟ್ ಮೋಡಲ್ಲಿ ಒತ್ತಿ ಹಿಡೀರಿ.

ಆದ್ರೂ ರೈಡಿನ ಫೋಟೋ ಬೇಕೇ ಬೇಕು ಅನ್ನೋರಿಗೆ ಸ್ವಲ್ಪ ಫಿಸಿಕ್ಸ್. ತೂಗುವ ಹಡಗು ಅಂದ್ರೆ ದೊಡ್ಡ ಲೋಲಕ, ಪಿಯುಸಿಯಲ್ಲಿ ಓದಿದ್ದೇ. ಮೇಲಿನ ತುದಿಗೂ ತಳಕ್ಕೂ 5 ಮೀಟರ್ ವ್ಯತ್ಯಾಸ ಇದೆ ಅಂತ ಇಟ್ಕೊಂಡ್ರೆ ತಳದಲ್ಲಿ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್, ಗಂಟೆಗೆ 36 ಕಿಲೋಮೀಟರ್. ಶಟರ್ 1/100 ಸೆಕೆಂಡ್ ತೆರೆದಿದ್ರೆ ಅಷ್ಟರಲ್ಲಿ ನಿಮ್ಮ ಗೆಳೆಯ 10 ಸೆಂಟಿಮೀಟರ್ ಜರುಗಿರ್ತಾನೆ. 15 ಮೀಟರ್ ದೂರದಿಂದ ಅದು ಸುಮಾರು 18 ಪಿಕ್ಸೆಲ್ ಮಸುಕು. 1/1000 ಇಟ್ರೆ ಎರಡು ಪಿಕ್ಸೆಲ್ಲೂ ಆಗಲ್ಲ. ಬಿಸಿಲಲ್ಲಿ ಫೋನ್ ತಾನೇ 1/1000ಕ್ಕಿಂತ ಕಡಿಮೆ ಸಮಯ ಆರಿಸಿಕೊಳ್ಳುತ್ತೆ, ತೊಂದರೆ ಇಲ್ಲ. ಮೋಡ ಮುಚ್ಚಿದ ಸಂಜೆ, ಒಳಾಂಗಣದ ರೈಡು, ರೇನ್ ಡ್ಯಾನ್ಸ್ ಇಲ್ಲೆಲ್ಲ ಕೈ ಕೊಡುತ್ತೆ.

ಆಗ ಲೋಲಕವೇ ಸಹಾಯ ಮಾಡುತ್ತೆ. ತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆ. ತಳದಲ್ಲಿ ಹಿಡಿಯೋಕೆ ಹೋಗಬೇಡಿ, ತುದಿಗೆ ಕಾಯಿರಿ. ಅಲ್ಲಿ ನಿಧಾನದ ಶಟರ್ ಕೂಡ ನಡೆಯುತ್ತೆ. ಮುಂದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಕ್ಕೆ ಬರೋ ರಿಕಾಯಿಲ್ ಥರದ ರೋಲರ್ ಕೋಸ್ಟರಿಗೂ ಇದೇ ಲೆಕ್ಕ. ದಿಕ್ಕು ಬದಲಾಗಬೇಕು ಅಂದ್ರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ. ಮೊದಲ ರೌಂಡ್ ಬರೀ ನೋಡಿ, ಎಲ್ಲಿ ನಿಲ್ಲುತ್ತೆ ಅಂತ ಗುರುತು ಮಾಡ್ಕೊಳ್ಳಿ, ಎರಡನೇ ರೌಂಡಿಗೆ ಅಲ್ಲಿಗೆ ಮೊದಲೇ ಫೋಕಸ್ ಲಾಕ್ ಮಾಡಿ ಇಟ್ಟಿರಿ.

ಉಲ್ಟಾ ಬೇಕು, ಓಡ್ತಿರೋ ಹಾಗೆ ಕಾಣಬೇಕು ಅಂದ್ರೆ ಮೆರ್ರಿ ಗೋ ರೌಂಡ್ ಹತ್ತಿರ ಹೋಗಿ. ಪ್ರೊ ಮೋಡಲ್ಲಿ ಶಟರ್ 1/30 ಇಟ್ಟು, ಕುದುರೆ ಬರೋ ವೇಗಕ್ಕೆ ಸರಿಯಾಗಿ ಸೊಂಟ ತಿರುಗಿಸ್ತಾ ಕ್ಲಿಕ್ ಮಾಡಿ. ಕುದುರೆ ಮೇಲಿನ ವ್ಯಕ್ತಿ ಶಾರ್ಪ್, ಹಿಂದಿನದೆಲ್ಲ ಗೀಟು ಗೀಟು. ಇಪ್ಪತ್ತರಲ್ಲಿ ಒಂದು ಸರಿ ಬಂದ್ರೆ ಪುಣ್ಯ. ಸಂಜೆಯೇ ಮಾಡಿ, ಯಾಕಂದ್ರೆ ಬಹುತೇಕ ಫೋನುಗಳಲ್ಲಿ ಅಪರ್ಚರ್ ಫಿಕ್ಸ್ ಇರುತ್ತೆ, ಮಧ್ಯಾಹ್ನ 1/30 ಇಟ್ರೆ ಪೂರ್ತಿ ಬಿಳಿ ಹಾಳೆ ಬರುತ್ತೆ. ನನಗೆ ಬಂದಿದೆ.

ರೈಡ್ ಮೇಲೆ ಕೂತು ಫೋನ್ ತೆಗೆಯೋದು ಮಾತ್ರ ಬೇಡ್ವೇ ಬೇಡ. ನಿಯಮ ಅಂತ ಅಷ್ಟೇ ಅಲ್ಲ. 20 ಮೀಟರ್ ಎತ್ತರದಿಂದ ಜಾರಿದ ಫೋನು ನೆಲ ಮುಟ್ಟುವಾಗ ಗಂಟೆಗೆ 70 ಕಿಲೋಮೀಟರ್ ದಾಟಿರುತ್ತೆ. ಕೆಳಗೆ ಬ್ಯಾಗ್ ಹಿಡಿದು ನಿಂತಿರೋನು ನಿಮ್ಮ ಗೆಳೆಯನೇ.

ನೀರಿನ ಕಡೆ ಬರೋಣ. ಐಪಿ68 ಅಂತ ಡಬ್ಬದ ಮೇಲೆ ಬರೆದಿದ್ರೂ ಆ ಪರೀಕ್ಷೆ ಸಿಹಿನೀರಲ್ಲಿ, ಕ್ಲೋರಿನ್ ಹಾಕಿದ ಪೂಲಲ್ಲಿ ಅಲ್ಲ, ನೀರು ಹೋದ್ರೆ ವಾರಂಟಿಯೂ ಸಾಮಾನ್ಯವಾಗಿ ಸಿಗಲ್ಲ. ಪ್ಲಾಸ್ಟಿಕ್ ಪೌಚ್ ತಗೊಳ್ಳಿ. ಮೊದಲ ಸಲ ನಾನು ಒದ್ದೆ ಕೈಯಲ್ಲೇ ಫೋನನ್ನ ಪೌಚಿಗೆ ತುಂಬಿದೆ. ವೇವ್ ಪೂಲಿಗೆ ಇಳಿದ ಐದು ನಿಮಿಷಕ್ಕೆ ಒಳಗಿನ ತೇವ ಎಲ್ಲ ಪ್ಲಾಸ್ಟಿಕ್ ಮೇಲೆ ಮಂಜಾಗಿ ಕೂತು, 60 ಫೋಟೋಗಳಲ್ಲಿ ನಮ್ಮ ಸೆಕ್ಷನ್ ಪೂರ್ತಿ ಮಡಿಕೇರಿಯಲ್ಲಿ ಇದ್ದಂಗಿದೆ. ಬಟ್ಟೆಯಲ್ಲಿ ಕೈ ಒರೆಸಿ, ಶೂ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಒಂದನ್ನ ಒಳಗೆ ಹಾಕಿ. ಲೆನ್ಸನ್ನ ಪ್ಲಾಸ್ಟಿಕ್ಕಿಗೆ ಅಂಟುವಂತೆ ಒತ್ತಿ ಹಿಡೀರಿ, ನಡುವೆ ಜಾಗ ಇದ್ರೆ ಬಿಸಿಲು ಪ್ರತಿಫಲಿಸುತ್ತೆ. ಒದ್ದೆಯಾದಾಗ ಟಚ್ ಕೆಲಸ ಮಾಡಲ್ಲ, ವಾಲ್ಯೂಮ್ ಬಟನ್ನೇ ಶಟರ್. ನೀರಿನ ನೊರೆ ಬೆಳ್ಳಗೆ ಇರೋದ್ರಿಂದ ಫೋನ್ ಮೋಸ ಹೋಗಿ ಮುಖಗಳನ್ನ ಕಪ್ಪು ಮಾಡುತ್ತೆ, ಇಳಿಯೋ ಮೊದಲೇ ಎಕ್ಸ್‌ಪೋಶರ್ ಸ್ವಲ್ಪ ಏರಿಸಿ ಇಡಿ.

ನೀರಿನ ಫೋಟೋ ಬಗ್ಗೆ ಇನ್ನೊಂದು ಮಾತು, ಹೇಳೋಕೆ ಸ್ವಲ್ಪ ಮುಜುಗರ. ಆ ರಾತ್ರಿ ಎಲ್ಲ ಫೋಟೋ ಗ್ರೂಪಿಗೆ ಹಾಕಿದೆ ಅಂದೆನಲ್ಲ, ಮರುದಿನ ನಮ್ಮ ಕ್ಲಾಸಿನ ಒಬ್ಬಳು ಪರ್ಸನಲ್ ಆಗಿ ಮೆಸೇಜ್ ಮಾಡಿ ಒದ್ದೆ ಬಟ್ಟೆಯಲ್ಲಿರೋ ಒಂದು ಫೋಟೋ ತೆಗೀತೀಯಾ ಅಂತ ಕೇಳಿದಳು. ತಕ್ಷಣ ತೆಗೆದೆ. ಆದರೆ ಆಗಲೇ 60 ಜನರ ಫೋನಿಗೆ ಆಟೋ ಡೌನ್‌ಲೋಡ್ ಆಗಿತ್ತು. ನನಗೆ ಅದೊಂದು ಮಾಮೂಲಿ ನಗುವಿನ ಫೋಟೋ ಅನ್ನಿಸಿತ್ತು, ಅವಳಿಗೆ ಅಲ್ಲ. ಈಗ ನೀರಿನ ಫೋಟೋ ಯಾವುದೂ ಗ್ರೂಪಿಗೆ ಹಾಕಲ್ಲ, ಯಾರದ್ದೋ ಅವರಿಗೇ ಕಳಿಸ್ತೀನಿ. ಹಿಂದೆ ಬೇರೆಯವರ ಮನೆಯವರು, ಮಕ್ಕಳು ಬಿದ್ದಿದ್ರೆ ಕ್ರಾಪ್ ಮಾಡ್ತೀನಿ, ಆಗದಿದ್ರೆ ಡಿಲೀಟ್.

ಲೆನ್ಸ್ ಒರೆಸೋದು ಹೇಳೋದೇ ಮರೆತಿದ್ದೆ. ಸನ್‌ಸ್ಕ್ರೀನ್, ಗೋಬಿ ಎಣ್ಣೆ, ಬೆರಳಚ್ಚು. ದಿನಕ್ಕೆ ಹತ್ತು ಸಲ ಒರೆಸಿ. ಯಾವ ಎಡಿಟಿಂಗ್ ಆ್ಯಪೂ ಗೋಬಿ ಎಣ್ಣೆ ತೆಗೆಯಲ್ಲ.

ಫೆಬ್ರವರಿಯಲ್ಲಿ ಹೋದಾಗ ಅವನನ್ನೂ ಕರೆದಿದ್ವಿ. ಅಂಗಡಿಗೆ ಒಂದು ಭಾನುವಾರ ರಜ ಹಾಕಿ ರಾತ್ರಿ ಬಸ್ಸಲ್ಲಿ ಬಂದ. ಈ ಸಲ ಲಾಕರ್ ತಗೊಳ್ಳೋಣ ಅಂದೆ, ಅವನೇ ಬೇಡ ಅಂದ, "ನನ್ನ ಕೆಲಸ ಕಿತ್ಕೋಬೇಡ್ರೋ" ಅಂತ. ನಾನು ಎರಡು ರೈಡ್ ಬಿಟ್ಟು ಅವನ ಜೊತೆ ಕೆಳಗೆ ಕೂತೆ. ಅಲ್ಲಿ ಕೂತಾಗಲೇ ಗೊತ್ತಾಗಿದ್ದು, ಮೇಲೆ ಯಾರು ಯಾವಾಗ ಕಿರುಚ್ತಾರೆ ಅಂತ ಅವನಿಗೆ ಪೂರ್ತಿ ಬಾಯಿಪಾಠ, ಹೋದ ವರ್ಷದ್ದು ಸಮೇತ.

ಸಂಜೆ ನಾಲ್ಕೂವರೆ ದಾಟಿತ್ತು, ಬಿಸಿಲು ಓರೆಯಾಗಿ ಮರದ ಸಂದಿಯಿಂದ ಬೀಳ್ತಿತ್ತು. ಎಲ್ಲರೂ ಇಳಿದು ಒಟ್ಟಿಗೆ ಬಂದು ಅವನ ಸುತ್ತ ಬ್ಯಾಗಿಗೆ ಕಿತ್ತಾಡೋಕೆ ಶುರು ಮಾಡಿದ್ರು. ಅವನು ಬೆಂಚ್ ಮೇಲೆ, ಎರಡು ಭುಜಕ್ಕೂ ಬ್ಯಾಗು, ಮಡಿಲಲ್ಲೂ ಬ್ಯಾಗು, ಯಾರಿಗೋ ಬೈತಾ ನಗ್ತಿದ್ದಾನೆ. ನಾನು ಒಂದೂವರೆ ಮೀಟರ್ ದೂರದಲ್ಲಿದ್ದೆ. ಲೆನ್ಸ್ ಒರೆಸಿದ್ದೆ. ಇಪ್ಪತ್ತಾರು ಫ್ರೇಮ್ ಬರ್ಸ್ಟ್, ಅದರಲ್ಲಿ ಹನ್ನೊಂದನೇದು.

ಈ ಸಲ ಡಾಕ್ಯುಮೆಂಟ್ ಅಂತ ಕಳಿಸಿದೆ, ಕುಗ್ಗಲ್ಲ. ಈಗ ಅದು ಅವರ ಮನೆಯ ಟಿವಿ ಪಕ್ಕದಲ್ಲಿದೆಯಂತೆ. ಅವನ ಮಡಿಲಲ್ಲಿರೋ ನೀಲಿ ಬ್ಯಾಗ್ ನಂದು, ಜಿಪ್ ಹಾಕಿಲ್ಲ.